ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಗ್ಲೌಸ್

ಮದುವೆಯಾಗಿ ಏಳು ತಿಂಗಳಾದ ಮೇಲೆ ನಾನು ಮೊದಲ ಸಲ ಗಂಡನ ಜೊತೆ ಮಂಗಳೂರಿಗೆ ಹೋದೆ. ಸೀರೆ ತೆಗೆಯಲು ಹೋದದ್ದಲ್ಲ, ಸಿನಿಮಾ ನೋಡಲೂ ಅಲ್ಲ. ಕ್ರಿಕೆಟ್ ಆಟದ ಗ್ಲೌಸ್ ಕೊಳ್ಳಲು ಹೋದದ್ದು.

ಅವರು ತೀರಿಕೊಂಡು ಈಗ ಐದು ತಿಂಗಳು. ಮನೆಗೆ ಬಂದವರೆಲ್ಲ ಕೊನೆಯ ದಿನಗಳನ್ನೇ ಕೇಳುತ್ತಾರೆ. ಯಾವ ಆಸ್ಪತ್ರೆ, ಎಷ್ಟು ದಿನ ಇದ್ದರು, ಮಾತಾಡುತ್ತಿದ್ದರಾ. ನಾನು ಹೇಳುತ್ತೇನೆ. ಹೇಳಿ ಹೇಳಿ ನನಗೇ ಅವರು ಹಾಸಿಗೆಯಲ್ಲಿ ಮಲಗಿದ ಮನುಷ್ಯನಾಗಿ ಮಾತ್ರ ಕಾಣತೊಡಗಿದರು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಎದ್ದು ಓಡಾಡಿದವರು ಅವರು. ಅದನ್ನು ಮರೆಯಬಾರದೆಂದು ಈ ನೋಟುಪುಸ್ತಕ ತೆಗೆದಿದ್ದೇನೆ. ನಾನು ಓದಿದ್ದು ಎಂಟನೆಯ ತರಗತಿ. ಮನೆಯಲ್ಲಿ ನಾವು ಆಡಿದ್ದೆಲ್ಲ ತುಳು, ಬರೆಯಲು ಬರುವುದು ಕನ್ನಡ. ಹಾಗಾಗಿ ಆಗಿನ ಮಾತುಗಳನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ವಾಮದಪದವಿನಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಾವು ಮೂವರು: ಅವರು, ಅವರ ತಾಯಿ, ನಾನು. ಅವರದ್ದು ಪುಂಜಾಲಕಟ್ಟೆಯಲ್ಲಿ ಟೈಲರ್ ಅಂಗಡಿ. ಒಂದು ಮಿಶನ್ನು, ಒಂದು ಬೆಂಚು, ಬಟ್ಟೆ ಕತ್ತರಿಸಲು ಒಂದು ಹಲಗೆ. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ಸಂಜೆ ಬರುತ್ತಿದ್ದರು. ಅತ್ತೆ ಮತ್ತು ನಾನು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆವು. ತವರಿನಲ್ಲಿ ನನಗೆ ಆ ಕೆಲಸ ಗೊತ್ತಿರಲಿಲ್ಲ. ಅತ್ತೆಯೇ ಕಲಿಸಿದ್ದು. ಒಣ ಎಲೆಯನ್ನು ನೀರಿಗೆ ಹಾಕಬೇಕು, ಬಸಿಯಬೇಕು, ಒದ್ದೆ ಗೋಣಿಯಲ್ಲಿ ಸುತ್ತಿ ಮೇಲೆ ಕಲ್ಲು ಹೇರಿ ಒಂದು ರಾತ್ರಿ ಇಡಬೇಕು. ಮುಟ್ಟಿದರೆ ಪುಡಿಯಾಗುತ್ತಿದ್ದ ಎಲೆ ಬೆಳಿಗ್ಗೆ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ನನಗೆ ಬಹಳ ಖುಷಿಯಾಗಿತ್ತು.

ಅವರಿಗೆ ಕ್ರಿಕೆಟಿನ ಹುಚ್ಚು. ಕೊಯ್ಲು ಮುಗಿದ ಗದ್ದೆಯಲ್ಲಿ ತೆಂಗಿನ ನಾರಿನ ಮ್ಯಾಟ್ ಹಾಸಿ ಆದಿತ್ಯವಾರ ಆದಿತ್ಯವಾರ ಆಡುತ್ತಿದ್ದರು. ಶಾಲೆಯ ಮಾಸ್ಟ್ರೊಬ್ಬರು ತಂಡದ ಯಜಮಾನ. ಇವರು ಕೀಪರ್, ಎಂದರೆ ಬ್ಯಾಟಿನವನ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ಚೆಂಡು ಹಿಡಿಯುವವರು. ತಂಡಕ್ಕೆ ಇದ್ದದ್ದು ಒಂದೇ ಜೊತೆ ಹಳೆಯ ಗ್ಲೌಸ್. ಅದರ ಅಂಗೈ ಹರಿದಿತ್ತು, ಅದರೊಳಗೆ ಇವರು ಅಂಗಡಿಯ ಚೂರು ಬಟ್ಟೆ ತುಂಬಿಸಿ ಹೊಲಿದಿದ್ದರು. ಸೋಮವಾರ ಬೆಳಿಗ್ಗೆ ನೋಡಿದರೆ ಬೆರಳ ಗಂಟುಗಳು ಊದಿಕೊಂಡು ಸೂಜಿ ಹಿಡಿಯಲಾಗುತ್ತಿರಲಿಲ್ಲ. ಒಂದು ಸಲ ಮದುಮಗಳ ರವಿಕೆ ಮುಗಿಯದೆ, ಆ ಮನೆಯವರು ಬಂದು ಅರ್ಧ ಹೊಲಿದ ಬಟ್ಟೆಯನ್ನೇ ಎತ್ತಿಕೊಂಡು ಹೋದರು. ಆ ದಿನ ಅತ್ತೆ ಬೀಡಿ ಕಟ್ಟುವ ಮೊರವನ್ನು, ನಮ್ಮ ತಡ್ಪೆಯನ್ನು, ಬದಿಗೆ ಸರಿಸಿದರು.

"ನಿನ್ನ ಅಪ್ಪ ಬಿಟ್ಟು ಹೋದದ್ದು ಗದ್ದೆಯಲ್ಲ, ತೋಟವಲ್ಲ. ಆ ಮಿಶನ್ನು ಮತ್ತು ನಿನ್ನ ಹತ್ತು ಬೆರಳು. ಅದನ್ನು ಯಾರದ್ದೋ ಚೆಂಡಿಗೆ ಕೊಟ್ಟು ಬರ್ತೀಯಲ್ಲ ಮಗಾ, ಬುದ್ಧಿ ಉಂಟಾ ನಿನಗೆ?"

"ಗ್ಲೌಸ್ ಸರಿ ಇಲ್ಲ ಅಮ್ಮ. ಒಳ್ಳೆಯ ಗ್ಲೌಸ್ ಇದ್ದರೆ ಏನೂ ಆಗುವುದಿಲ್ಲ."

"ಹಾಗಾದರೆ ಒಳ್ಳೆಯದನ್ನೇ ತಾ. ಅದನ್ನು ಹಾಕಿಯೂ ಬೆರಳು ಕೆಟ್ಟರೆ ಆಟ ಬಿಡಬೇಕು. ಮತ್ತೆ ನನ್ನ ಹತ್ತಿರ ಒಂದು ಮಾತು ಇಲ್ಲ."

"ಆಯ್ತು," ಎಂದರು ಅವರು. ಅತ್ತೆ ಹೇಳಿದರೆ ಹೇಳಿದ ಹಾಗೆ ಎಂದು ನನಗೂ ಗೊತ್ತಿತ್ತು. ಗ್ಲೌಸ್ ಸರಿಯಾದದ್ದು ಸಿಕ್ಕಿದರೆ ಅವರ ಆಟ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ಅದಕ್ಕಾಗಿ ನಾವು ಹೋದದ್ದು. ಬಂಟ್ವಾಳದಲ್ಲಿ ಬಸ್ಸು ಬದಲಿಸಿ ಮಂಗಳೂರು ಸೇರುವಾಗ ಹನ್ನೊಂದು ಗಂಟೆ. ಆಟದ ಸಾಮಾನಿನ ಅಂಗಡಿಯವರು ದಪ್ಪ ಕನ್ನಡಕದ ಮನುಷ್ಯ. ಮೂರು ಜೊತೆ ತೆಗೆದು ಮುಂದೆ ಹಾಕಿದರು. ಒಂದು ಹಾಲಿನ ಹಾಗೆ ಬಿಳಿ. ಇವರ ಕೈ ಸೀದಾ ಅದಕ್ಕೇ ಹೋಯಿತು. ಹಾಕಿ ನೋಡುವ ಮೊದಲು ಅದರ ಬಾಯಿಯನ್ನು ಹಿಂದೆ ಮಡಚಿ ಒಳಗಿನ ಹೊಲಿಗೆ ನೋಡತೊಡಗಿದರು.

"ಬೆರಳಿನ ಸಂದಿಗೆ ಒಂದೇ ನೂಲು ಹಾಕಿದ್ದಾರೆ ಮಾರಾಯ್ರೇ. ಇದು ಎಷ್ಟು ದಿನ ನಿಲ್ಲುವುದು?"

"ನೀವು ಗ್ಲೌಸ್ ತೆಗೊಳ್ಳಲಿಕ್ಕೆ ಬಂದದ್ದಾ, ಅಂಗಿಗೆ ಅಳತೆ ಕೊಡ್ಲಿಕ್ಕಾ?" ಎಂದರು ಅಂಗಡಿಯವರು.

ಸುಮ್ಮನೆ ನಿಂತಿರಲು ಬೇಸರವಾಗಿ ನಾನು ಆ ಬಿಳಿ ಗ್ಲೌಸಿನ ಹೆಬ್ಬೆರಳನ್ನು ಹಿಡಿದು ಮಡಚಿದೆ. ಎಲೆಯನ್ನು ನೋಡುವ ಅಭ್ಯಾಸ. ಮಡಚುವಾಗ ಸದ್ದು ಮಾಡುವ ಎಲೆ ಒಡೆಯುತ್ತದೆ.

"ಇದು ಸದ್ದು ಮಾಡ್ತದೆ," ಎಂದೆ.

"ಹೊಸ ಚಪ್ಪಲಿಯೂ ಸದ್ದು ಮಾಡ್ತದಲ್ಲ ಅಕ್ಕಾ. ಕೀಪಿಂಗಿಗೆ ನಿಲ್ಲುವುದು ನೀವಾ?"

"ಹೌದು, ಇವಳೇ," ಎಂದರು ನನ್ನ ಗಂಡ. "ನಾನು ಮನೆಯಲ್ಲಿ ಕೂತು ಬೀಡಿ ಕಟ್ಟುವುದು."

ಅಂಗಡಿಯವರು ನಕ್ಕು ನನ್ನ ಕಡೆಗೇ ಉಳಿದ ಎರಡು ಜೊತೆಗಳನ್ನು ತಳ್ಳಿದರು. ಎರಡನೆಯದು ಮೆತ್ತಗಿತ್ತು, ಸದ್ದಿಲ್ಲದೆ ಮಡಚಿತು. ಆದರೆ ಒಳಗೆ ಹಾಕುವ ತೆಳು ಬಟ್ಟೆಯ ಗ್ಲೌಸ್ ತೊಟ್ಟು ಅದರೊಳಗೆ ಕೈ ತೂರಿಸಿದಾಗ ನನ್ನ ಗಂಡನ ಬೆರಳ ತುದಿ ಮುಂದೆ ಒತ್ತುತ್ತಿತ್ತು. ಬೆರಳ ತುದಿಗೂ ಗ್ಲೌಸಿನ ತುದಿಗೂ ನಡುವೆ ಒಂದಿಷ್ಟು ಜಾಗ ಇರಬೇಕಂತೆ, ಇಲ್ಲದಿದ್ದರೆ ಚೆಂಡಿನ ಪೆಟ್ಟು ನೇರ ಎಲುಬಿಗೆ. ಮೂರನೆಯದು ಕಂದು ಬಣ್ಣದ್ದು, ನೋಡಲು ಏನೂ ಚಂದ ಇಲ್ಲ. ಅಂಗೈಗೆ ಸಣ್ಣ ಸಣ್ಣ ಗುಳ್ಳೆಯ ರಬ್ಬರು, ಸಂದಿಗಳಲ್ಲಿ ಎರಡೆರಡು ಹೊಲಿಗೆ, ಬೆರಳಿಗೆ ಬೇಕಾದಷ್ಟು ಜಾಗ. ಎಲ್ಲ ಸರಿ. ಆದರೆ ಹಲಗೆಯಷ್ಟು ಗಟ್ಟಿ.

"ಚರ್ಮ ಒಳ್ಳೆಯದು," ಎಂದರು ಅಂಗಡಿಯವರು. "ಒಂದು ತಿಂಗಳು ಮನೆಯಲ್ಲೇ ಚೆಂಡು ಹಿಡೀರಿ. ಆಮೇಲೆ ತಾನಾಗಿ ಹದಕ್ಕೆ ಬರ್ತದೆ. ಅವಸರ ಮಾಡಬೇಡಿ."

ಮೂಡುಬಿದಿರೆಯಲ್ಲಿ ದೊಡ್ಡ ಮ್ಯಾಚಿಗೆ ಇದ್ದದ್ದು ಒಂಬತ್ತು ದಿನ. ಆದರೂ ಅದನ್ನೇ ತೆಗೆದೆವು. ಬಸ್ಸಿನಲ್ಲಿ ಬರುವಾಗ ಒಂದನ್ನು ಅವರು ಹಾಕಿಕೊಂಡರು, ಇನ್ನೊಂದನ್ನು ನನ್ನ ಕೈಗೆ ಹಾಕಿದರು. ಎದುರಿನ ಸೀಟಿನ ಹೆಂಗಸು ನೋಡುತ್ತಿದ್ದಾರೆಂದು ನಾನು ಸೆರಗಿನಲ್ಲಿ ಮುಚ್ಚಿಕೊಂಡೆ. ಅದರೊಳಗೆ ನನ್ನ ಕೈ ಎಲ್ಲೋ ಕಳೆದುಹೋಗಿತ್ತು.

ಒಂದು ವಾರ ದಿನಾ ಸಂಜೆ ಅಂಗಳದ ಗೋಡೆಗೆ ಚೆಂಡು ಹೊಡೆದು ಹಿಡಿದರು. ಗ್ಲೌಸ್ ಬಗ್ಗಲಿಲ್ಲ. ಶುಕ್ರವಾರ ಅವರು ಒಂದು ಮದುವೆಯ ಬಟ್ಟೆಗೆ ಅಳತೆ ತೆಗೆಯಲು ಬೆಳ್ತಂಗಡಿಗೆ ಹೋದರು, ಬರುವುದು ಶನಿವಾರ ಸಂಜೆ. ನಾನು ಅವರಿಗೊಂದು ಆಶ್ಚರ್ಯ ಮಾಡುವ ಎಂದುಕೊಂಡೆ. ಮುಸ್ಸಂಜೆ ಎಲೆ ನೆನೆಹಾಕುವ ಹೊತ್ತಿಗೆ, ಅತ್ತೆ ದೀಪ ಹಚ್ಚಲು ಒಳಗೆ ಹೋದಾಗ, ಗ್ಲೌಸನ್ನೂ ನೀರಿಗೆ ಹಾಕಿದೆ. ಬಸಿದೆ. ಬೇರೊಂದು ಗೋಣಿಯಲ್ಲಿ ಸುತ್ತಿ ಮಂಚದ ಅಡಿಗೆ ಇಟ್ಟು ಮೇಲೆ ಒಂದು ಕಲ್ಲು ಹೇರಿದೆ.

ಬೆಳಿಗ್ಗೆ ತೆಗೆದು ನೋಡಿದರೆ ಎಷ್ಟು ಮೆತ್ತಗೆ! ಹೆಬ್ಬೆರಳು ಮಡಚಿದರೆ ಮಡಚಿದ ಹಾಗೇ ನಿಲ್ಲುತ್ತಿತ್ತು. ನಾನು ಒಬ್ಬಳೇ ನಕ್ಕೆ. ಆದರೆ ನೀರು ಸೋರುವ ಗ್ಲೌಸನ್ನು ಅವರ ಕೈಗೆ ಕೊಡುವುದು ಹೇಗೆ? ಅತ್ತೆ ಕಟ್ಟಿದ ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೊರಟದ್ದೇ ತಡ, ಅಂಗಳದ ಕಲ್ಲಿನ ಮೇಲೆ ಬಿಸಿಲಿಗೆ ಹರಡಿದೆ.

ಮಧ್ಯಾಹ್ನದ ಹೊತ್ತಿಗೆ ಅದು ಮುಷ್ಟಿ ಕಟ್ಟಿದ ಹಾಗೆ ಮುದುಡಿಕೊಂಡಿತ್ತು. ಮುಟ್ಟಿದರೆ ಒಣ ಹಪ್ಪಳ. ಅಂಗೈಯ ರಬ್ಬರು ಅಂಚಿನಲ್ಲಿ ಎದ್ದಿತ್ತು. ತೆಂಗಿನೆಣ್ಣೆ ಹಚ್ಚಿದೆ, ಮಡಿಲಲ್ಲಿಟ್ಟು ತಿಕ್ಕಿದೆ, ಹಿಗ್ಗಿಸಿದೆ. ಎಣ್ಣೆ ಕುಡಿದು ಬಣ್ಣ ಕಪ್ಪಾಯಿತೇ ಹೊರತು ಬೇರೇನೂ ಆಗಲಿಲ್ಲ.

ಅವರು ಬಂದಾಗ ನಾನು ಅಡುಗೆಮನೆಯ ಮೆಟ್ಟಿಲಲ್ಲಿ ಗ್ಲೌಸ್ ಹಿಡಿದು ಕೂತಿದ್ದೆ. ಅವರು ಅದನ್ನು ತೆಗೆದುಕೊಂಡು ಕೈ ತೂರಿಸಿದರು. ಅರ್ಧಕ್ಕೆ ನಿಂತಿತು, ಒತ್ತಿ ಎಳೆದ ಮೇಲೆ ಹೇಗೋ ಹೊಕ್ಕಿತು.

"ಎಂತ ಮಾಡಿದೆ ಇದಕ್ಕೆ?"

"ಎಲೆ ನೆನೆಸಿದ ಹಾಗೆ ನೆನೆಸಿದೆ."

"ಗೋಣಿಯಲ್ಲಿ ಸುತ್ತಿ?"

"ಹೂಂ."

"ಕಲ್ಲೂ ಹೇರಿದೆಯಾ?"

"ಹೇರಿದೆ."

ಅವರು ನನ್ನ ಮುಖ ನೋಡಿದರು, ಗ್ಲೌಸ್ ನೋಡಿದರು, ಆಮೇಲೆ ಅದೇ ಮೆಟ್ಟಿಲಲ್ಲಿ ಕುಸಿದು ಕೂತು ನಗತೊಡಗಿದರು. "ಹಾಗಾದರೆ ಕತ್ತರಿ ತಾ ಮಾರಾಯ್ತಿ. ಕತ್ತರಿಸಿ ಹೊಗೆಸೊಪ್ಪು ತುಂಬಿಸುವ." ನಾನು ಅಳುವುದನ್ನು ಕಂಡು ನಗು ನಿಲ್ಲಿಸಿದರು. "ಅಮ್ಮನಿಗೆ ಹೇಳಬೇಡ. ನಾಳೆ ಚೆಂಡು ತಾಗಿ ತಾಗಿ ಸರಿಯಾಗ್ತದೆ."

"ನಾಳೆ ಬೇರೆ ಯಾರಾದರೂ ನಿಲ್ಲಲಿ."

"ಯಾರು ನಿಲ್ಲುವುದು? ಮಾಸ್ಟ್ರಾ? ಅವರು ಒಮ್ಮೆ ಕೂತರೆ ಎಬ್ಬಿಸಲಿಕ್ಕೆ ಇಬ್ಬರು ಬೇಕು."

ಮೂಡುಬಿದಿರೆಗೆ ನಾನು ಹೋಗಲಿಲ್ಲ. ನಡೆದದ್ದನ್ನು ಮಾಸ್ಟ್ರು ಹೇಳಿದರು. ಆದಿತ್ಯವಾರ ಸಂಜೆಯ ಬಸ್ಸಿನಲ್ಲಿ ಇವರನ್ನು ಕರೆದುಕೊಂಡು ಬಂದದ್ದು ಅವರೇ. ಚೆಂಡು ಮ್ಯಾಟಿನ ಅಂಚಿಗೆ ಬಿದ್ದು ಎದ್ದಿತಂತೆ, ಇವರು ಕೈ ಮುಚ್ಚುವಷ್ಟರಲ್ಲಿ ಉಂಗುರದ ಬೆರಳಿನ ತುದಿಗೆ ನೇರ ಬಂದು ಹೊಡೆಯಿತಂತೆ. "ಕೈ ಮುಚ್ಚಲೇ ಇಲ್ಲ, ಯಾಕೋ ಗೊತ್ತಿಲ್ಲ," ಎಂದರು ಮಾಸ್ಟ್ರು. ಇವರ ಬಲಗೈಗೆ ಕರವಸ್ತ್ರ ಸುತ್ತಿತ್ತು.

ಅತ್ತೆ ಮಾಸ್ಟ್ರಿಗೆ ಬೆಲ್ಲ ನೀರು ಕೊಟ್ಟರು. ಅವರು ಹೋದ ಮೇಲೆ ಮಗನನ್ನು ಕೇಳಿದರು.

"ಹೊಸ ಗ್ಲೌಸ್ ಹಾಕಿದ್ದೆಯಾ?"

"ಹಾಕಿದ್ದೆ."

"ಹರಿದದ್ದಾ?"

"ಇಲ್ಲ."

"ಹಾಗಾದರೆ ಮುಗಿಯಿತು."

ನನ್ನ ಗಂಡ ನನ್ನ ಕಡೆ ನೋಡಿ ಸ್ವಲ್ಪವೇ ತಲೆ ಅಲ್ಲಾಡಿಸಿದರು, ಬೇಡ ಎನ್ನುವ ಹಾಗೆ. ನಾನು ಬಾಯಿ ತೆರೆಯಲಿಲ್ಲ. ಅವರು ಬೇಡ ಎಂದದ್ದಕ್ಕೆ ಸುಮ್ಮನಿದ್ದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ನನಗೆ ಹೆದರಿಕೆಯಾಗಿತ್ತು.

ಬೆಳ್ತಂಗಡಿಯ ಕಡೆ ಎಲುಬು ಕೂಡಿಸುವ ಒಬ್ಬ ಮುದುಕರಿದ್ದರು. ಅವರು ಸೊಪ್ಪು ಅರೆದು ಹಚ್ಚಿ ಬಿದಿರ ಸೀಳು ಇಟ್ಟು ಕಟ್ಟಿದರು. ಒಂದೂವರೆ ತಿಂಗಳು ಇವರು ಸೂಜಿ ಮುಟ್ಟುವ ಹಾಗಿರಲಿಲ್ಲ. ಮಿಶನ್ನಿನ ಕೆಲಸ ಅವರು ಹೇಗೋ ಮಾಡುತ್ತಿದ್ದರು. ಕಾಜಾ, ಗುಂಡಿ, ಕೈಹೊಲಿಗೆ ಎಲ್ಲ ಮನೆಗೆ ತಂದು ನನಗೆ ಹೇಳಿಕೊಟ್ಟರು. "ನೂಲು ಎಳೆಯುವಾಗ ಸಿಟ್ಟು ಬೇಡ," ಎನ್ನುತ್ತಿದ್ದರು. ಸಿಟ್ಟು ನನಗೆ ನೂಲಿನ ಮೇಲೆ ಇರಲಿಲ್ಲ. ಬೆರಳು ವಾಸಿಯಾಯಿತು, ತುದಿಯ ಗಂಟು ಮಾತ್ರ ಕೊಂಚ ಬಾಗಿಯೇ ಉಳಿಯಿತು.

ಆಟ ನಿಂತಿತು. ಆದಿತ್ಯವಾರ ಅವರು ನಮ್ಮ ಜೊತೆ ಮನೆಯ ಎದುರಿನ ಚಾವಡಿಯಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದರು. ಟೈಲರ್ ಅಲ್ಲವೇ, ಅಳತೆಯ ತಗಡು ಇಡದೆಯೇ ಒಂದರ ಹಾಗೆ ಒಂದು ಕತ್ತರಿಸುತ್ತಿದ್ದರು. ಆಚೆಯ ಗದ್ದೆಯಿಂದ ಒಮ್ಮೊಮ್ಮೆ ಎಲ್ಲರೂ ಒಟ್ಟಿಗೆ ಕೂಗುವುದು ಕೇಳುತ್ತಿತ್ತು. ಆಗ ಕತ್ತರಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತಿತ್ತು. ಕತ್ತರಿ ನಿಲ್ಲುವುದು ಅತ್ತೆಗೂ ಕೇಳುತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಹೀಗೆ ಆ ವರ್ಷದ ಆಟವೆಲ್ಲ ಮುಗಿದು ಮಳೆ ಹಿಡಿಯಿತು. ಮಳೆ ಬಿಟ್ಟು ಮತ್ತೆ ಕೊಯ್ಲಾಯಿತು. ಅಷ್ಟು ದಿನ ನಾನು ಸುಮ್ಮನಿದ್ದೆ. ಅವರು ಬದುಕಿದ್ದಾಗ ಅದು ನನಗೆ ಒಂದೇ ವರ್ಷ ಎಂದು ಕಾಣುತ್ತಿತ್ತು. ಈಗ ಹಾಗೆ ಕಾಣುವುದಿಲ್ಲ. ಈಗ ಅವರ ಒಂದೊಂದು ಆದಿತ್ಯವಾರವೂ ದೊಡ್ಡದಾಗಿ ಕಾಣುತ್ತದೆ.

ಮ್ಯಾಟ್ ಹಾಸಿದ ಮೊದಲ ಆದಿತ್ಯವಾರ ಅತ್ತೆ ಮತ್ತು ನಾನು ಹಿಂದಿನ ಜಗಲಿಯಲ್ಲಿ ಎಲೆ ನೆನೆಹಾಕುತ್ತಿದ್ದೆವು. ಗದ್ದೆಯಿಂದ ಕೂಗು ಬಂತು. ಎದುರಿನ ಚಾವಡಿಯಲ್ಲಿ ಕತ್ತರಿ ನಿಂತಿತು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಗ್ಲೌಸ್ ಹಾಳು ಮಾಡಿದ್ದು ನಾನು," ಎಂದೆ.

ಎಲ್ಲ ಹೇಳಿದೆ. ಅವರು ಗೋಣಿ ಹಿಂಡುವುದನ್ನು ಬಿಡದೆ ಕೇಳಿದರು.

"ಎಷ್ಟು ಹೊತ್ತು ಕಟ್ಟಿ ಇಟ್ಟೆ?"

"ಒಂದು ರಾತ್ರಿ."

"ಮತ್ತೆ ಬಿಸಿಲಿಗೆ ಹಾಕಿದೆಯಾ?"

"ಹಾಕಿದೆ."

"ನೆನೆಸಿದ್ದನ್ನು ಯಾರಾದರೂ ಬಿಸಿಲಿಗೆ ಹಾಕ್ತಾರಾ ಹೆಣ್ಣೇ? ನೆರಳಲ್ಲಿ ಇಡು, ನೆರಳಲ್ಲಿ ಇಡು ಅಂತ ನಾನು ನಿನಗೆ ಬಡಕೊಂಡದ್ದು ಎಷ್ಟು ಸಲ?"

ನೆನೆಸಿದ್ದು ಅವರಿಗೆ ತಪ್ಪಾಗಿ ಕಾಣಲೇ ಇಲ್ಲ. ನನ್ನ ಜಾಗದಲ್ಲಿ ಇದ್ದಿದ್ದರೆ ಅವರೂ ನೆನೆಸುತ್ತಿದ್ದರು. ಗೋಣಿಯನ್ನು ಇನ್ನೊಮ್ಮೆ ಹಿಂಡಿ, ಸಣ್ಣ ಸ್ವರದಲ್ಲಿ ಇನ್ನೊಂದು ಮಾತು ಹೇಳಿದರು: "ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ವರ್ಷ ನನ್ನನ್ನು ಕೆಟ್ಟವಳು ಮಾಡಿ ಕೂರಿಸಿದಿರಲ್ಲ."

ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಚಾವಡಿಗೆ ಹೋದರು. ನಾನು ಬಾಗಿಲಲ್ಲಿ ನಿಂತೆ.

"ಕತ್ತರಿ ಇಡು. ಮಂಗಳೂರಿಗೆ ಯಾವಾಗ ಹೋಗುವ?"

"ಎಂತಕ್ಕೆ ಅಮ್ಮ?"

"ಗ್ಲೌಸಿಗೆ. ನೀನು ಆರಿಸುವ ಚಂದ ಕಂಡೆ, ಇವಳು ಹದ ಮಾಡುವ ಚಂದವೂ ಕಂಡೆ. ಈ ಸಲ ನಾನು ಬರ್ತೇನೆ."

ನನ್ನ ಗಂಡ ನನ್ನನ್ನು ನೋಡಿದರು. ಈ ಸಲ ತಲೆ ಅಲ್ಲಾಡಿಸಲಿಲ್ಲ.

ಎರಡನೆಯ ಸಲ ಅಂಗಡಿಯವರು ನಮ್ಮನ್ನು ಗುರುತು ಹಿಡಿದರು. ಹಿಂದಿನಿಂದ ಮೆಟ್ಟಿಲೇರಿದ ಅತ್ತೆಯನ್ನು ಕಂಡು ಕನ್ನಡಕ ಒರೆಸಿಕೊಂಡರು. ಅತ್ತೆ ಹೊಲಿಗೆ ನೋಡಲಿಲ್ಲ, ಮಡಚಿಯೂ ನೋಡಲಿಲ್ಲ. ಒಂದು ಗ್ಲೌಸನ್ನು ಸೀದಾ ತನ್ನ ಕೈಗೆ ಹಾಕಿ ಮುಂದೆ ಚಾಚಿದರು.

"ಚೆಂಡು ಉಂಟಲ್ಲ? ಹೊಡಿ."

"ಬೇಡ ಅಮ್ಮಾ, ನಿಮಗೆ ನೋವಾಗ್ತದೆ."

"ನನಗೆ ನೋವಾದರೆ ಅವನಿಗೂ ಆಗ್ತದೆ. ಹೊಡಿ ಮಾರಾಯ!"

ಅಂಗಡಿಯವರು ಮೆಲ್ಲಗೆ ಎಸೆದರು. ಅತ್ತೆ ಗದರಿಸಿದ ಮೇಲೆ ಸ್ವಲ್ಪ ಜೋರಾಗಿ ಎಸೆದರು. ಚೆಂಡು ಕೆಳಗೆ ಬಿದ್ದು ಬೀದಿಯವರೆಗೆ ಉರುಳಿತು. ನನ್ನ ಗಂಡ ಓಡಿ ತಂದರು. ಹೀಗೆ ಅತ್ತೆ ನಾಲ್ಕು ಜೊತೆ ನೋಡಿದರು. ನಾಲ್ಕನೆಯದಕ್ಕೆ ಚೆಂಡು ಬಡಿದಾಗ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು, "ಇದರಲ್ಲಿ ಬೆರಳಿಗೆ ಗೊತ್ತಾಗುವುದಿಲ್ಲ. ಅಂಗೈಗೆ ಮಾತ್ರ ಗೊತ್ತಾಗ್ತದೆ," ಎಂದರು. ಇವರು ಹಾಕಿ ನೋಡಿದರು, ಬೆರಳಿಗೆ ಜಾಗ ಇತ್ತು. ನಾನು ಮಡಚಿ ನೋಡಿದೆ, ಸದ್ದು ಸ್ವಲ್ಪ ಇತ್ತು. ಅದನ್ನೇ ತೆಗೆದೆವು.

ಆ ಸಲ ಅವಸರ ಮಾಡಲಿಲ್ಲ. ಒಂದೂವರೆ ತಿಂಗಳು ಮ್ಯಾಚಿಗೆ ಹೋಗುವುದಿಲ್ಲ ಎಂದು ಅವರೇ ಮಾಸ್ಟ್ರಿಗೆ ಹೇಳಿದರು. ದಿನಾ ಸಂಜೆ ಅಂಗಡಿಯಿಂದ ಬಂದು ಕಾಫಿ ಕುಡಿದು ಅಂಗಳದಲ್ಲಿ ಕೂರುತ್ತಿದ್ದರು. ಚೆಂಡು ಎಸೆಯುವವಳು ನಾನು. ಮೊದಮೊದಲು ನನ್ನ ಚೆಂಡು ಅವರಿಗೆ ತಲುಪುತ್ತಲೇ ಇರಲಿಲ್ಲ. "ಇದು ಚೆಂಡಾ, ಮೊಟ್ಟೆಯಾ? ಒಡೆಯುವುದಿಲ್ಲ, ಎಸಿ," ಎನ್ನುತ್ತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಎಸೆಯುತ್ತಾ ಹೋದೆ. ಅತ್ತೆ ಜಗಲಿಯಲ್ಲಿ ಬೀಡಿ ಕಟ್ಟುತ್ತ ನೋಡುತ್ತಿದ್ದರು. ಒಂದು ದಿನ ನನ್ನ ಗಂಡ ಚೆಂಡು ಹಿಡಿದಾಗ ಸದ್ದೇ ಬದಲಾಗಿತ್ತು. ಟಪ್ ಎನ್ನುತ್ತಿದ್ದದ್ದು ಧಪ್ ಎಂದಿತು. ಮೂವರಿಗೂ ಅದು ಕೇಳಿತು. ಅವರು ಗ್ಲೌಸ್ ತೆಗೆದು ಮಡಚಿ, ಮತ್ತೆ ಬಿಡಿಸಿ, ನನ್ನ ಕಡೆ ತೋರಿಸಿದರು.

ಅವರು ಮತ್ತೆ ಆಡಲು ಹೋದ ಮೊದಲ ದಿನ ಪುಂಜಾಲಕಟ್ಟೆಯ ಹತ್ತಿರದ ಗದ್ದೆಯಲ್ಲೇ ಮ್ಯಾಚು. ನಾವು ಮನೆಯಲ್ಲೇ ಇದ್ದೆವು. ಆ ದಿನ ನಾನು ಕಟ್ಟಿದ ಬೀಡಿಗಳಲ್ಲಿ ಎಷ್ಟೋ ಸಡಿಲವಾಗಿ, ಅತ್ತೆ ಒಂದೊಂದನ್ನೇ ಬಿಚ್ಚಿ ಎಸೆದರು, ಬೈಯಲಿಲ್ಲ. ಸಂಜೆ ಸೈಕಲ್ಲಿನ ಬೆಲ್ಲು ಕೇಳಿತು. ಬೆಲ್ಲು ಬಾರಿಸಬೇಕಾದರೆ ಬೆರಳು ಸರಿಯಿರಬೇಕಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ ಅವರು ಅಂಗಳಕ್ಕೆ ಬಂದರು. ಅಂಗಿಯೆಲ್ಲ ಮಣ್ಣು.

ಗೆದ್ದಿರಾ ಸೋತಿರಾ ಎಂದು ಅತ್ತೆ ಕೇಳಲಿಲ್ಲ. "ಕೈ ತೊಳೆದು ಬಾ," ಎಂದರು. ಅವರು ಬಂದು ಜಗಲಿಯಲ್ಲಿ ಅತ್ತೆಯ ಎದುರು ಕೂತರು. ಅತ್ತೆ ಮಗನ ಎಡಗೈ ತೆಗೆದುಕೊಂಡು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದು ಗಂಟನ್ನೂ ಒತ್ತಿ ನೋಡಿದರು, ಪೇಟೆಯಲ್ಲಿ ಬೆಂಡೆಕಾಯಿ ನೋಡುವ ಹಾಗೆ. ಆಮೇಲೆ ಎದ್ದರು.

"ಬಲಗೈ ನೀನು ನೋಡು. ನನಗೆ ಒಲೆಯಲ್ಲಿ ಕೆಲಸ ಉಂಟು."

ನಾನು ಕೂತೆ. ಅವರ ಬಲಗೈಯನ್ನು ನನ್ನ ಮಡಿಲಿಗೆ ಇಟ್ಟುಕೊಂಡೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಬಾಗಿದ ಬೆರಳಿಗೆ ಬಂದಾಗ ನನ್ನ ಕೈ ನಿಂತಿತು.

"ನೋವುಂಟಾ?"

"ಇಲ್ಲ."

"ನಿಜ ಹೇಳಿ."

ಅವರು ಒಳಗೆ ಒಲೆಯ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು.

"ಸ್ವಲ್ಪ ಉಂಟು," ಎಂದರು. "ನೀನು ಹಿಡಿದುಕೋ."